ಮನೆಯೊಳಗಿನ ಹಿಂಸೆಗೆ ಕಾನೂನಿನ ದಾರಿ: ಮೊದಲ ರಾತ್ರಿಯಿಂದ ನ್ಯಾಯಾಲಯದ ಆದೇಶದವರೆಗೆ

ಗಂಡನ ಕೈಯಲ್ಲಿ ಹೊಡೆತ ತಿನ್ನುತ್ತಿರುವ ಹೆಂಗಸಿಗೆ ಸುತ್ತಲಿನವರು ಹೇಳುವುದು ಎರಡೇ ಮಾತು. ಒಂದೋ "ಹೊಂದಿಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು", ಇಲ್ಲವೇ "ಡೈವೋರ್ಸ್ ಕೊಟ್ಟು ಬಂದುಬಿಡು". ಎರಡೂ ಆಗದವಳು ಸುಮ್ಮನಾಗುತ್ತಾಳೆ. ಆದರೆ ಈ ಎರಡರ ನಡುವೆ ಕಾನೂನು ಮಾಡಿಕೊಟ್ಟಿರುವ ದೊಡ್ಡ ಜಾಗವೊಂದಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರಡಿ ರಕ್ಷಣೆ ಕೇಳಲು ನೀವು ಮನೆ ಬಿಡಬೇಕಿಲ್ಲ, ವಿಚ್ಛೇದನಕ್ಕೆ ಹಾಕಬೇಕಿಲ್ಲ, ಗಂಡನನ್ನು ಜೈಲಿಗೆ ಕಳಿಸಲೂ ಬೇಕಿಲ್ಲ. "ಇವನು ನನ್ನ ಮೈಮುಟ್ಟಬಾರದು, ಮನೆಯಿಂದ ಹೊರಹಾಕಬಾರದು, ತಿಂಗಳಿಗೆ ಇಷ್ಟು ಖರ್ಚು ಕೊಡಬೇಕು" ಎಂಬ ಆದೇಶ ಕೊಡಿ ಎಂದು ಮ್ಯಾಜಿಸ್ಟ್ರೇಟರನ್ನು ಕೇಳಿದರೆ ಸಾಕು.

ಇದು ಯಾರೋ ಕೆಲವರ ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ನಾಚಿಕೆ ಪಡಬೇಕಾದವರು ನೀವಲ್ಲ.

ಮುಂದೆ ಓದುವ ಮೊದಲು ಒಂದು ಎಚ್ಚರಿಕೆ. ಗಂಡ ನಿಮ್ಮ ಫೋನ್ ನೋಡುತ್ತಾನೆಂದಾದರೆ ಇದನ್ನು ನಂಬಿಕಸ್ತರ ಫೋನಿನಲ್ಲಿ ಓದಿ, ಇಲ್ಲವೇ ಓದಿದ ಮೇಲೆ ಬ್ರೌಸರ್ ಹಿಸ್ಟರಿ ಅಳಿಸಿ. ವಾಟ್ಸ್‌ಆ್ಯಪ್‌ನಲ್ಲಿ "ಲಿಂಕ್ಡ್ ಡಿವೈಸಸ್" ತೆರೆದು ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಕಿತ್ತುಹಾಕಿ. ಗೂಗಲ್ ಮ್ಯಾಪ್‌ನಲ್ಲಿ ಲೊಕೇಶನ್ ಹಂಚಿಕೆಯಾಗುತ್ತಿದೆಯೇ ಎಂದೂ ನೋಡಿ.

ಈಗಲೇ ಅಪಾಯವಿದ್ದರೆ

112ಕ್ಕೆ ಕರೆ ಮಾಡಿ. ಮೊದಲು ವಿಳಾಸ ಹೇಳಿ, ಆಮೇಲೆ ಹೆಸರು, ಆಮೇಲೆ ಏನಾಗುತ್ತಿದೆ ಎಂಬುದು. ಕರೆ ಮಧ್ಯದಲ್ಲಿ ಕಟ್ಟಾದರೂ ವಿಳಾಸ ಅವರ ಬಳಿ ಇರುತ್ತದೆ. ಬೆಂಗಳೂರಿನಲ್ಲಾದರೆ ಹೊಯ್ಸಳ ವಾಹನ ಬರುತ್ತದೆ. ಪೊಲೀಸರು ಬಂದಾಗ "ಏನಿಲ್ಲ ಸಾರ್, ಸಣ್ಣ ಜಗಳ" ಎಂದು ಗಂಡ ಬಾಗಿಲಲ್ಲೇ ಮಾತು ಮುಗಿಸಲು ನೋಡುತ್ತಾನೆ. ಹೊರಗೆ ಬಂದು ನಿಮ್ಮ ಬಾಯಿಂದಲೇ ಹೇಳಿ. ಮಕ್ಕಳಿದ್ದರೆ ಅವರಿಗೂ ಈ ಸಂಖ್ಯೆ ಕಲಿಸಿಡಿ. ಮಕ್ಕಳ ಸಹಾಯವಾಣಿ 1098.

ಮಹಿಳಾ ಸಹಾಯವಾಣಿ 181. ಅಲ್ಲಿಂದ ನಿಮ್ಮ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್‌ಗೆ ಸಂಪರ್ಕ ಸಿಗುತ್ತದೆ. ಅಲ್ಲಿ ಕೆಲ ದಿನ ಉಳಿಯಲು ಜಾಗ, ಚಿಕಿತ್ಸೆಗೆ ನೆರವು, ಆಪ್ತಸಮಾಲೋಚನೆ, ಕಾನೂನು ಸಲಹೆ ಒಂದೇ ಸೂರಿನಡಿ ಸಿಗಬೇಕು. ಹೆಚ್ಚು ದಿನ ಉಳಿಯಬೇಕಾದರೆ ಶಕ್ತಿ ಸದನಗಳಿವೆ. ಹಿಂದೆ ಸ್ವಾಧಾರ ಗೃಹ ಎನ್ನುತ್ತಿದ್ದರು. ತಾಲ್ಲೂಕುಗಳಲ್ಲಿ ರಾಜ್ಯ ಸರ್ಕಾರದ ಯೋಜನೆಯಡಿ ಸಾಂತ್ವನ ಕೇಂದ್ರಗಳಿವೆ. ಬೆಂಗಳೂರಿನ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವನಿತಾ ಸಹಾಯವಾಣಿ 1999ರಿಂದ ನಡೆಯುತ್ತಿದೆ.

ಪೆಟ್ಟಾಗಿದ್ದರೆ ಆಸ್ಪತ್ರೆಗೆ ಹೋಗುವುದು ಠಾಣೆಗಿಂತ ಮೊದಲು. ಬಹಳಷ್ಟು ಪ್ರಕರಣಗಳು ಸೋಲುವುದು ಇಲ್ಲೇ. ಗಂಡನೋ ಅತ್ತೆಯೋ ಪಕ್ಕದಲ್ಲಿ ನಿಂತಿರುತ್ತಾರೆ, ಡಾಕ್ಟರ್ ಕೇಳಿದಾಗ ಪೆಟ್ಟು ತಿಂದವಳೇ "ಬಚ್ಚಲಲ್ಲಿ ಜಾರಿ ಬಿದ್ದೆ" ಎಂದುಬಿಡುತ್ತಾಳೆ. ಎರಡು ವರ್ಷದ ನಂತರ ಎದುರು ವಕೀಲರು ಅದೇ ಚೀಟಿಯನ್ನು ಎತ್ತಿ ಹಿಡಿಯುತ್ತಾರೆ. ಡಾಕ್ಟರನ್ನು ಒಂಟಿಯಾಗಿ ಮಾತಾಡಿಸಬೇಕೆಂದು ಕೇಳಿ. ಯಾರು ಹೊಡೆದರು, ಯಾವುದರಿಂದ, ಎಷ್ಟು ಹೊತ್ತಿಗೆ ಎಂದು ಹೇಳಿ, ಎಂಎಲ್‌ಸಿ ರಿಜಿಸ್ಟರಿನಲ್ಲಿ (ಪೊಲೀಸ್ ಪ್ರಕರಣವಾಗಬಹುದಾದ ಗಾಯಗಳನ್ನು ಆಸ್ಪತ್ರೆ ದಾಖಲಿಸುವ ಪುಸ್ತಕ) ಬರೆಯಿಸಿ, ಹೊರರೋಗಿ ಚೀಟಿ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಒಳ್ಳೆಯದು, ಖಾಸಗಿಯಾದರೂ ನಡೆಯುತ್ತದೆ.

ಕುತ್ತಿಗೆ ಹಿಸುಕಿದ್ದರೆ ಅದನ್ನು ಬಿಡದೆ ಹೇಳಲೇಬೇಕು. ಹೊರಗೆ ಗುರುತೇ ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು. ದನಿ ಬದಲಾಗುವುದು, ನುಂಗಲು ಕಷ್ಟ, ತಲೆಸುತ್ತು ಇವೆಲ್ಲ ಅಪಾಯದ ಲಕ್ಷಣ. ಕುತ್ತಿಗೆಗೆ ಕೈಹಾಕುವ ಗಂಡಸು ಮುಂದೆ ಕೊಲೆಗೂ ಹೇಸದಿರಬಹುದು ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಬಲ್ಲ ಮಾತು. ಅಂಥ ರಾತ್ರಿ ಆ ಮನೆಯಲ್ಲಿ ಮಲಗಬೇಡಿ.

ಸದ್ದಿಲ್ಲದೆ ಸೇರಿಸಿಡಬೇಕಾದ ಕಾಗದಗಳು

ಒಂದು ಚೀಲ ಸಿದ್ಧವಿರಲಿ, ಅದು ನಿಮ್ಮ ಮನೆಯಲ್ಲಿರದೆ ತವರಲ್ಲೋ ಗೆಳತಿಯ ಮನೆಯಲ್ಲೋ ಇರಲಿ. ಆಧಾರ್, ಪಡಿತರ ಚೀಟಿ, ಮದುವೆ ನೋಂದಣಿ ಪತ್ರ ಅಥವಾ ಲಗ್ನಪತ್ರಿಕೆ ಮತ್ತು ಫೋಟೊ, ಮಕ್ಕಳ ಜನನ ಪ್ರಮಾಣಪತ್ರ, ನಿಮ್ಮ ಅಂಕಪಟ್ಟಿ, ಪಾಸ್‌ಬುಕ್, ಒಡವೆಯ ರಸೀದಿ, ಮದುವೆಯಲ್ಲಿ ಒಡವೆ ಹಾಕಿಕೊಂಡಿರುವ ಫೋಟೊ. ಗಂಡನ ಸಂಬಳದ ಚೀಟಿ, ಪಹಣಿ, ವಾಹನದ ಆರ್‌ಸಿ, ಅಂಗಡಿ ಪರವಾನಗಿ ಕಣ್ಣಿಗೆ ಬಿದ್ದರೆ ಫೋಟೊ ತೆಗೆದಿಡಿ; ಜೀವನಾಂಶ ಕೇಳುವಾಗ ಅವನ "ನನಗೆ ಆದಾಯವೇ ಇಲ್ಲ" ಎಂಬ ಮಾತಿಗೆ ಅದೇ ಉತ್ತರ. ಆಧಾರ್ ಮೂಲಪ್ರತಿ ಅವನ ಬೀರುವಿನಲ್ಲಿದ್ದರೆ ಹೊಸದನ್ನು ಪಡೆಯಬಹುದು, ಅದಕ್ಕಾಗಿ ಜೀವ ಪಣಕ್ಕಿಡಬೇಡಿ. ಆಧಾರ್ ಕೈಯಲ್ಲಿದ್ದರೆ ಶಕ್ತಿ ಯೋಜನೆಯ ಬಸ್ಸಿನಲ್ಲಿ ದುಡ್ಡಿಲ್ಲದೆ ಜಿಲ್ಲಾ ಕೇಂದ್ರ ತಲುಪಬಹುದು.

ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಖಾತೆಯ ಎಟಿಎಂ ಕಾರ್ಡ್ ಗಂಡನ ಕೈಯಲ್ಲಿದೆಯೇ? ನಿಮ್ಮ ಹಣವನ್ನು ನಿಮ್ಮಿಂದ ಕಿತ್ತುಕೊಳ್ಳುವುದನ್ನೂ ಕಾಯ್ದೆ ಆರ್ಥಿಕ ಹಿಂಸೆ ಎಂದೇ ಕರೆಯುತ್ತದೆ. ಬ್ಯಾಂಕಿಗೆ ಹೋಗಿ ಕಾರ್ಡ್ ಬ್ಲಾಕ್ ಮಾಡಿಸಿ, ಮೊಬೈಲ್ ಸಂಖ್ಯೆ ಬದಲಿಸಿ. ಆದರೆ ಇದನ್ನು ಸುರಕ್ಷಿತ ಜಾಗ ತಲುಪಿದ ಮೇಲೆ ಮಾಡಿ, ಮೊದಲು ಮಾಡಿದರೆ ಅನುಮಾನ ಬರುತ್ತದೆ.

ಬೆದರಿಕೆಯ ಮೆಸೇಜು, ವಾಯ್ಸ್ ನೋಟ್, ಗಾಯದ ಫೋಟೊಗಳನ್ನು ನಂಬಿಕಸ್ತರೊಬ್ಬರಿಗೆ ಕಳಿಸಿಡಿ. ಮೂಲ ಫೋನನ್ನು ಮಾರಬೇಡಿ, ರಿಸೆಟ್ ಮಾಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಡಿಜಿಟಲ್ ಪ್ರತಿಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಅದನ್ನು ವಕೀಲರು ಮಾಡಿಸುತ್ತಾರೆ. ಗಂಡ ಹೆಂಡತಿ ನಡುವಿನ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ವಿಚ್ಛೇದನದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ.

ಯಾವ ಕಾಗದವೂ ಇಲ್ಲವೇ? ಆದರೂ ಅರ್ಜಿ ಹಾಕಬಹುದು. ನೀವು ಪ್ರಮಾಣ ಮಾಡಿ ಕೊಡುವ ಹೇಳಿಕೆ, ಅಂದರೆ ಅಫಿಡವಿಟ್ಟೇ ಮೊದಲ ಸಾಕ್ಷ್ಯ.

ಯಾವ ಬಾಗಿಲು ತಟ್ಟಬೇಕು

ಬಾಗಿಲು ಮೂರು. ಒಂದನ್ನು ತಟ್ಟಿದರೆ ಇನ್ನೊಂದು ಮುಚ್ಚುವುದಿಲ್ಲ.

2005ರ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಹಾಕುವ ಅರ್ಜಿಯನ್ನು ಎಲ್ಲರೂ "ಡಿವಿ ಕೇಸ್" ಎನ್ನುತ್ತಾರೆ. ರಕ್ಷಣೆ, ವಾಸ, ಖರ್ಚು, ಮಕ್ಕಳು, ಎಲ್ಲವೂ ಒಂದೇ ಅರ್ಜಿಯಲ್ಲಿ. ಮೊದಲ ದಿನ ಇಲ್ಲಿ ಯಾರೂ ಆರೋಪಿಯಲ್ಲ.

ಪೊಲೀಸ್ ದೂರು ಎರಡನೆಯದು. ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 85; 2024ರ ಜುಲೈ 1ರಿಂದ ಈ ಹೊಸ ಸಂಖ್ಯೆ. ಗಂಡ ಅಥವಾ ಅವನ ಸಂಬಂಧಿಕರ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಸಜೆ.

ಮೂರನೆಯದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144ರ ಜೀವನಾಂಶ, ಅಂದರೆ ಹಳೆಯ 125. ಹಿಂಸೆ ಸಾಬೀತು ಮಾಡುವ ಹೊರೆ ಇಲ್ಲ. ಅವನಿಗೆ ಶಕ್ತಿ ಇದೆ, ನಿಮಗೆ ಗತಿ ಇಲ್ಲ, ಅವನು ನೋಡಿಕೊಳ್ಳುತ್ತಿಲ್ಲ ಎಂದು ತೋರಿಸಬೇಕು. ವಿಚ್ಛೇದಿತೆ ಮರುಮದುವೆಯಾಗುವವರೆಗೂ ಕೇಳಬಹುದು. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ಹಕ್ಕಿದೆ ಎಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಜೀವಕ್ಕೆ ಅಪಾಯವಿದ್ದರೆ, ಗಂಭೀರ ಗಾಯವಾಗಿದ್ದರೆ, ವರದಕ್ಷಿಣೆಗೆ ಹಿಂಸಿಸುತ್ತಿದ್ದರೆ ಪೊಲೀಸ್ ದೂರು ತಡಮಾಡಬೇಡಿ. ಉಳಿದ ಬಹುತೇಕ ಸಂದರ್ಭಗಳಲ್ಲಿ ಡಿವಿ ಅರ್ಜಿಯೇ ಮೊದಲು ಬರಲಿ. ಎಫ್‌ಐಆರ್ ಗಂಡನನ್ನು ಶಿಕ್ಷೆಯ ದಾರಿಗೆ ತರುತ್ತದೆ, ಆದರೆ ನಾಳೆ ರಾತ್ರಿ ನೀವೆಲ್ಲಿ ಮಲಗಬೇಕು, ಮಗುವಿನ ಶಾಲೆಯ ಫೀಸು ಯಾರು ಕಟ್ಟಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಡಿವಿ ಅರ್ಜಿ ಯಾರು ಹಾಕಬಹುದು

ಎಲ್ಲ ಧರ್ಮದ ಹೆಂಡತಿಯರು. ಹೆಂಡತಿ ಮಾತ್ರವಲ್ಲ: ತಾಯಿ ಮಗನ ಮೇಲೆ, ತಂಗಿ ಅಣ್ಣನ ಮೇಲೆ, ವಿಧವೆ ಸೊಸೆ ಮೈದುನನ ಮೇಲೆ ಹಾಕಬಹುದು. ಎದುರುದಾರರು ಹೆಂಗಸರೂ ಆಗಬಹುದು. 'ವಯಸ್ಕ ಪುರುಷ' ಎಂಬ ಮಿತಿಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿದ್ದರಿಂದ ಅತ್ತೆ, ನಾದಿನಿಯರನ್ನೂ ಸೇರಿಸಬಹುದು. ಆದರೆ ಸಿಟ್ಟಿಗೆ ಮನೆಮಂದಿಯನ್ನೆಲ್ಲ, ದೂರದೂರಿನ ನಾದಿನಿಯನ್ನೂ ಹೆಸರಿಸಬೇಡಿ. ಸಂಬಂಧವಿಲ್ಲದವರನ್ನು ಎಳೆದ ಅರ್ಜಿಯ ಮೇಲೆ ನ್ಯಾಯಾಧೀಶರ ನಂಬಿಕೆ ಕಡಿಮೆಯಾಗುತ್ತದೆ, ಅವರೆಲ್ಲರಿಗೂ ನೋಟಿಸ್ ಜಾರಿಯಾಗುವ ಹೊತ್ತಿಗೆ ತಿಂಗಳುಗಳು ಕಳೆಯುತ್ತವೆ.

ಮದುವೆಯಾಗದೆ ಜೊತೆಗಿದ್ದರೂ, ಆ ಸಂಬಂಧ ಮದುವೆಯ ಸ್ವರೂಪದ್ದಾಗಿದ್ದರೆ ಕಾಯ್ದೆ ಅನ್ವಯಿಸುತ್ತದೆ: ಒಂದೇ ಮನೆ, ಸಾಕಷ್ಟು ಕಾಲ, ಸಮಾಜದ ಕಣ್ಣಿಗೆ ಗಂಡ ಹೆಂಡತಿಯಂತೆ. ಅವನಿಗೆ ಮೊದಲೇ ಮದುವೆಯಾಗಿದೆ ಎಂದು ತಿಳಿದೂ ಜೊತೆಗಿದ್ದವರಿಗೆ ದಾರಿ ಕಷ್ಟ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಅಂಥದೊಂದು ಪ್ರಕರಣದಲ್ಲಿ 2013ರಲ್ಲಿ ಮಹಿಳೆಗೆ ಪರಿಹಾರ ಸಿಗಲಿಲ್ಲ. ಹೊಸ ಕಾನೂನು ಬೇಕು ಎಂದು ಆ ತೀರ್ಪೇ ಹೇಳಿತು, ಅದು ಇನ್ನೂ ಬಂದಿಲ್ಲ.

ಮನೆ ಬಿಟ್ಟು ಬಂದು ವರ್ಷಗಳಾಗಿದ್ದರೂ ಹೆದರಬೇಡಿ. ಕಾಯ್ದೆಯ ಕಲಂ 12ರಡಿ ಹಾಕುವ ಈ ಡಿವಿ ಅರ್ಜಿಗೆ ಒಂದು ವರ್ಷದ ಕಾಲಮಿತಿ ಇಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಿಂಸೆ ಎಂದರೆ ಹೊಡೆತ ಮಾತ್ರವಲ್ಲ. ಕಲಂ 3 ಲೈಂಗಿಕ, ಮಾತಿನ, ಮಾನಸಿಕ ಮತ್ತು ಆರ್ಥಿಕ ಹಿಂಸೆಯನ್ನೂ ಹೆಸರಿಸುತ್ತದೆ. ಮಕ್ಕಳಾಗಲಿಲ್ಲ, ಗಂಡು ಹೆರಲಿಲ್ಲ ಎಂದು ಹಂಗಿಸುವುದು, ದಿನಸಿ ತರದೆ ಇರುವುದು, ಕೆಲಸಕ್ಕೆ ಹೋಗಬಿಡದೆ ಇರುವುದು ಇದರಲ್ಲಿ ಬರುತ್ತವೆ. ಗಂಡನ ಬಲವಂತದ ಸಂಭೋಗ, ಹೆಂಡತಿ 18 ದಾಟಿದ್ದರೆ, ನ್ಯಾಯ ಸಂಹಿತೆಯ ಪ್ರಕಾರ ಅತ್ಯಾಚಾರವಲ್ಲ. ಇದು ನಮ್ಮ ಕಾನೂನಿನ ದೊಡ್ಡ ಲೋಪ ಎಂದೇ ನಾನು ನಂಬುತ್ತೇನೆ. ಆದರೂ ಡಿವಿ ಕಾಯ್ದೆಯಲ್ಲಿ ಅದು ಲೈಂಗಿಕ ಹಿಂಸೆಯೇ, ಅರ್ಜಿಯಲ್ಲಿ ಬರೆಯಿರಿ. ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆಯಲಿ ಎಂದು ಕಲಂ 16ರಡಿ ಕೇಳಬಹುದು. ಬೇರೆಯಾಗಿ ವಾಸಿಸುತ್ತಿರುವಾಗ ಗಂಡ ಬಲಾತ್ಕರಿಸಿದರೆ ಮಾತ್ರ ನ್ಯಾಯ ಸಂಹಿತೆಯ ಕಲಂ 67ರಡಿ ಅಪರಾಧ, ಎರಡರಿಂದ ಏಳು ವರ್ಷ ಸಜೆ.

ಅರ್ಜಿ ಹಾಕುವ ಕ್ರಮ

ನಿಮ್ಮ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕರ್ನಾಟಕದಲ್ಲಿ ಸಾಮಾನ್ಯವಾಗಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ಅಧಿಕಾರಿ ನಿಮ್ಮ ಮಾತು ಕೇಳಿ ಡಿಐಆರ್ ಎಂಬ ಘಟನಾ ವರದಿಯನ್ನು ನಿಗದಿತ ನಮೂನೆಯಲ್ಲಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು, ಪ್ರತಿಯನ್ನು ಠಾಣೆಗೆ ಕೊಡಬೇಕು. ಇದಕ್ಕೆ ಶುಲ್ಕವಿಲ್ಲ. ಅಕ್ಕಪಕ್ಕದವರು ಮಾಹಿತಿ ಕೊಟ್ಟರೂ ಅವರು ಕೆಲಸ ಶುರುಮಾಡಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕಾನೂನಿನ ಹೊಣೆ ಬರುವುದಿಲ್ಲ. ಅಧಿಕಾರಿ ಸಿಗುತ್ತಿಲ್ಲ, ಪ್ರಭಾರದಲ್ಲಿದ್ದಾರೆ, ತರಬೇತಿಗೆ ಹೋಗಿದ್ದಾರೆ ಎಂದು ವಾರಗಟ್ಟಲೆ ಅಲೆಯಬೇಡಿ. ಡಿಐಆರ್ ಇಲ್ಲದೆಯೂ ಅರ್ಜಿ ನಡೆಯುತ್ತದೆ ಎಂದು 2022ರ ಮೇ 12ರ ಸುಪ್ರೀಂ ಕೋರ್ಟ್ ತೀರ್ಪು ಹೇಳುತ್ತದೆ. ನೇರ ವಕೀಲರ ಮೂಲಕ ಹಾಕಿ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ತಾಲ್ಲೂಕಿನಲ್ಲಿ ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯಂತೆ ಯಾವುದೇ ಮಹಿಳೆಗೆ, ಅವಳ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಅಲ್ಲಿ ಆದಾಯ ಪ್ರಮಾಣಪತ್ರ ತನ್ನಿ ಎಂದರೆ ಇದನ್ನು ನೆನಪಿಸಿ. ಸಹಾಯವಾಣಿ 15100.

ಎಲ್ಲಿ ಹಾಕಬೇಕು? ನೀವಿರುವಲ್ಲಿ. ಗಂಡನ ಮನೆ ಕಲಬುರಗಿಯಲ್ಲಿದ್ದು ನೀವು ಶಿವಮೊಗ್ಗದ ತವರಿಗೆ ಬಂದಿದ್ದರೆ ಶಿವಮೊಗ್ಗದಲ್ಲೇ ಹಾಕಬಹುದು, ತಾತ್ಕಾಲಿಕವಾಗಿ ಉಳಿದಿರುವ ಊರೂ ಆಗುತ್ತದೆ. ಇದು ಕಲಂ 27.

ಅರ್ಜಿಯ ಬರವಣಿಗೆಯಲ್ಲಿ ಪಟ್ಟುಹಿಡಿಯಿರಿ. "ಎದುರುದಾರರು ಅರ್ಜಿದಾರಳಿಗೆ ಮಾನಸಿಕವಾಗಿ ಮತ್ತು ದೈಹಿಕವಾಗಿ ಕಿರುಕುಳ ನೀಡಿರುತ್ತಾರೆ" ಎಂಬ ಒಂದೇ ವಾಕ್ಯ ಎಲ್ಲ ಅರ್ಜಿಗಳಲ್ಲೂ ಇರುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗೆ: "ಯುಗಾದಿಯ ಹಿಂದಿನ ರಾತ್ರಿ ಸುಮಾರು ಹತ್ತು ಗಂಟೆಗೆ ಕುಡಿದು ಬಂದು, ಊಟ ಆರಿದೆ ಎಂದು ತಟ್ಟೆ ಎಸೆದು, ಬೆಲ್ಟಿನಿಂದ ಎಡತೋಳಿಗೆ ಹೊಡೆದರು. ಮಗಳು ನೋಡುತ್ತಿದ್ದಳು. ಪಕ್ಕದ ಮನೆಯವರು ಬಾಗಿಲು ಬಡಿದರು. ಮಾರನೆಯ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದೆ." ಮೊದಲ ಘಟನೆ, ಅತಿ ಕೆಟ್ಟ ಘಟನೆ, ಕೊನೆಯ ಘಟನೆ, ಈ ಮೂರನ್ನು ಹೀಗೆ ವಿವರವಾಗಿ ಬರೆಯಿಸಿ. ತಾರೀಕು ನೆನಪಿಲ್ಲದಿದ್ದರೆ ಹಬ್ಬವನ್ನೋ ಮಗುವಿನ ವಯಸ್ಸನ್ನೋ ಗುರುತಿಗೆ ಇಟ್ಟುಕೊಳ್ಳಿ, ಊಹಿಸಿ ತಾರೀಕು ಬರೆಯಬೇಡಿ. ಸಹಿ ಹಾಕುವ ಮುನ್ನ ಪೂರ್ತಿ ಓದಿಸಿ ಕೇಳಿ. ಉತ್ಪ್ರೇಕ್ಷೆ ಒಂದೇ ಸಾಲಿನಲ್ಲಿದ್ದರೂ ಪಾಟೀಸವಾಲಿನಲ್ಲಿ ಅದನ್ನೇ ಹಿಡಿದು ಎಳೆಯುತ್ತಾರೆ.

ಇನ್ನು ಏನು ಕೇಳಬೇಕು ಎಂಬುದು. ಕೇಳಿದ್ದು ಮಾತ್ರ ಸಿಗುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಬರೆಸಿ.

- ಕಲಂ 18, ರಕ್ಷಣೆ: ಹೊಡೆಯಬಾರದು, ಫೋನ್, ಮೆಸೇಜ್ ಮಾಡಬಾರದು, ನನ್ನ ಕೆಲಸದ ಜಾಗಕ್ಕೆ, ಮಗುವಿನ ಶಾಲೆಗೆ ಬರಬಾರದು, ನನಗೆ ನೆರವಾದ ತಂದೆ ತಾಯಿಗೆ ತೊಂದರೆ ಕೊಡಬಾರದು, ಜಂಟಿ ಲಾಕರ್, ಖಾತೆ ಮುಟ್ಟಬಾರದು.
- ಕಲಂ 19, ವಾಸ: ಮನೆಯಿಂದ ಹೊರಹಾಕಬಾರದು, ಅಗತ್ಯವಿದ್ದರೆ ಅವನೇ ಹೊರಗಿರಬೇಕು, ಮನೆ ಮಾರಬಾರದು, ಇಲ್ಲವೇ ಅದೇ ಮಟ್ಟದ ಬಾಡಿಗೆ ಮನೆ ಮಾಡಿಕೊಡಬೇಕು, ಸ್ತ್ರೀಧನ, ಒಡವೆ, ದಾಖಲೆ ವಾಪಸು ಕೊಡಬೇಕು.
- ಕಲಂ 20, ಹಣ: ತಿಂಗಳ ಖರ್ಚು, ಚಿಕಿತ್ಸೆಯ ಖರ್ಚು, ಕೆಲಸ ತಪ್ಪಿದ್ದರಿಂದಾದ ನಷ್ಟ.
- ಕಲಂ 21, ಮಕ್ಕಳ ತಾತ್ಕಾಲಿಕ ಸುಪರ್ದಿ. ಕಲಂ 22, ಅನುಭವಿಸಿದ ನೋವಿಗೆ ಪರಿಹಾರ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಕಲಂ 23. ಅಂತಿಮ ತೀರ್ಪಿಗೆ ಕಾಯದೆ ಮಧ್ಯಂತರ ಆದೇಶ, ಗಂಡ ಹಾಜರಾಗುವ ಮೊದಲೇ ಏಕಪಕ್ಷೀಯ ಆದೇಶ ಕೇಳುವ ಅರ್ಜಿ ಇದು. ಕಾಯ್ದೆಯ ಪ್ರಕಾರ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥ 60 ದಿನದಲ್ಲಿ ಆಗಬೇಕು. ವಾಸ್ತವದಲ್ಲಿ ವರ್ಷಗಳಾಗುತ್ತವೆ. ಹಾಗಾಗಿ ನಿಮ್ಮ ಬದುಕು ನಿಂತಿರುವುದು ಅಂತಿಮ ತೀರ್ಪಿನ ಮೇಲಲ್ಲ, ಮೊದಲ ವಾರದ ಮಧ್ಯಂತರ ಆದೇಶದ ಮೇಲೆ. ಮುಖ್ಯ ಅರ್ಜಿಯ ಜೊತೆಗೇ, ಅದೇ ದಿನ, ಪ್ರಮಾಣಪತ್ರ ಸಮೇತ ಕಲಂ 23ರ ಅರ್ಜಿ ಹಾಕಿದ್ದೀರಾ ಎಂದು ವಕೀಲರನ್ನು ಕೇಳಿ. "ಮೊದಲು ನೋಟಿಸ್ ಹೋಗಲಿ, ಆಮೇಲೆ ನೋಡೋಣ" ಎಂದರೆ ಒಪ್ಪಬೇಡಿ. ಇತ್ತೀಚಿನ ಗಾಯ, ಬೆದರಿಕೆ, ಮನೆ ಮಾರಾಟದ ಸುಳಿವು ಇದ್ದರೆ ಏಕಪಕ್ಷೀಯ ಆದೇಶಕ್ಕೆ ಅದೇ ಆಧಾರ.

"ಮನೆ ನನ್ನಮ್ಮನ ಹೆಸರಲ್ಲಿದೆ" ಎಂದರೆ

ಹೊರಹಾಕಲು ಹೆಚ್ಚು ಬಳಸುವ ಮಾತು ಇದು. 2006ರಲ್ಲಿ ಸುಪ್ರೀಂ ಕೋರ್ಟೇ ಅತ್ತೆಯ ಹೆಸರಿನ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲ ಎಂದಿತ್ತು. ಹಳೆಯ ಕಾಲದ ಸಲಹೆಗಾರರು ಇಂದಿಗೂ ಅದನ್ನೇ ಹೇಳುತ್ತಾರೆ. 2020ರ ಅಕ್ಟೋಬರ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಸೊಸೆಯಾಗಿ ಸಂಸಾರ ಮಾಡಿದ ಮನೆ ಮಾವನದ್ದೋ ಅತ್ತೆಯದ್ದೋ ಆಗಿದ್ದರೂ ಅದು 'ಹಂಚಿಕೊಂಡ ಗೃಹ'ವೇ, ಅಂದರೆ ಅವಳಿಗೆ ವಾಸದ ಹಕ್ಕಿರುವ ಮನೆಯೇ. ನಾಲ್ಕು ದಿನದ ಮಟ್ಟಿಗೆ ಬಂದುಹೋದ ಮನೆ ಆಗುವುದಿಲ್ಲ, ನೆಲೆನಿಂತ ಮನೆ ಆಗಬೇಕು. ಇದು ಆಸ್ತಿಯಲ್ಲಿ ಪಾಲು ಕೊಡುವುದಿಲ್ಲ, ಕಾನೂನು ಕ್ರಮವಿಲ್ಲದೆ ಹೊರಹಾಕದಂತೆ ತಡೆಯುತ್ತದೆ.

ಎರಡನೆಯ ತಂತ್ರ ಹಿರಿಯ ನಾಗರಿಕರ ಕಾಯ್ದೆ. ಅತ್ತೆ ಮಾವನ ಹೆಸರಲ್ಲಿ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿಸಿ ಸೊಸೆಯನ್ನು ತೆರವು ಮಾಡಿಸುವುದು. ಬೆಂಗಳೂರು ನಗರ ಜಿಲ್ಲೆಯ ಪ್ರಕರಣವೊಂದರಲ್ಲಿ ಗಂಡ ಮನೆಯನ್ನು ತಂದೆಗೆ ಮಾರಿ, ತಂದೆ ಅದನ್ನು ತಾಯಿಗೆ ದಾನ ಮಾಡಿ, ಆಮೇಲೆ ಈ ಕಾಯ್ದೆಯಡಿ ಸೊಸೆಯನ್ನು ಹೊರಹಾಕುವ ಆದೇಶ ಪಡೆದಿದ್ದರು. ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿತ್ತು. 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿ, ಹಿರಿಯ ನಾಗರಿಕರ ಕಾಯ್ದೆಯನ್ನು ಬಳಸಿ ಸೊಸೆಯ ವಾಸದ ಹಕ್ಕನ್ನು ಅಳಿಸಿಹಾಕಲಾಗದು ಎಂದಿತು. ನಿಜವಾಗಿ ನೊಂದ ವೃದ್ಧರಿಗೆ ಆ ಕಾಯ್ದೆ ಬೇಕೇ ಬೇಕು. ಮಗನ ಹಿಂಸೆಗೆ ಪರದೆಯಾಗಿ ಅದನ್ನು ಬಳಸಬಾರದು, ಅಷ್ಟೆ. ಉಪವಿಭಾಗಾಧಿಕಾರಿಯಿಂದ ನೋಟಿಸ್ ಬಂದರೆ ಸುಮ್ಮನಿರಬೇಡಿ, ಡಿವಿ ಪ್ರಕರಣದ ಪ್ರತಿ ಸಮೇತ ಹಾಜರಾಗಿ ಆಕ್ಷೇಪಣೆ ಸಲ್ಲಿಸಿ.

ಹಣದ ವಿಷಯ

2020ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲದ ವಿವರದ ಪ್ರಮಾಣಪತ್ರ ಸಲ್ಲಿಸಲೇಬೇಕು. ನಿಮ್ಮದನ್ನು ಮೊದಲ ದಿನವೇ ಪ್ರಾಮಾಣಿಕವಾಗಿ ಸಲ್ಲಿಸಿದರೆ ಅವನಿಂದ ಕೇಳುವ ಹಕ್ಕು ಗಟ್ಟಿಯಾಗುತ್ತದೆ. ಹೊಲಿಗೆಯಿಂದ ಬರುವ ಸ್ವಲ್ಪ ಹಣವನ್ನೂ ಮುಚ್ಚಿಡಬೇಡಿ, ಸಂಪಾದನೆ ಇದೆಯೆಂದ ಮಾತ್ರಕ್ಕೆ ಜೀವನಾಂಶ ತಪ್ಪುವುದಿಲ್ಲ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕು ಎಂದೂ ಆ ತೀರ್ಪು ಹೇಳಿದೆ. ಎರಡು ಕಡೆ ಜೀವನಾಂಶ ಆದೇಶವಾದರೆ ಒಂದನ್ನು ಇನ್ನೊಂದಕ್ಕೆ ಹೊಂದಿಸುತ್ತಾರೆ, ಹಾಗಾಗಿ ಹಿಂದಿನ ಆದೇಶವನ್ನು ಮರೆಮಾಚಬೇಡಿ.

ಗಂಡ ಸಂಬಳದಾರನಾದರೆ, ಹಣವನ್ನು ಅವನ ಮಾಲೀಕರೇ ನೇರ ನಿಮ್ಮ ಖಾತೆಗೆ ಅಥವಾ ನ್ಯಾಯಾಲಯಕ್ಕೆ ಕಟ್ಟುವಂತೆ ಕಲಂ 20ರಲ್ಲಿ ಆದೇಶ ಕೇಳಬಹುದು. ಸರ್ಕಾರಿ ನೌಕರನ ಹೆಂಡತಿಗೆ ಇದು ತುಂಬ ಉಪಯುಕ್ತ, ಆದರೂ ಕೇಳುವವರು ಕಡಿಮೆ.

ಠಾಣೆಯಲ್ಲಿ

ದೂರನ್ನು ಬರೆದುಕೊಂಡೇ ಹೋಗಿ, ಎರಡು ಪ್ರತಿ. ಒಂದರ ಮೇಲೆ ಸ್ವೀಕೃತಿಯ ಸೀಲು, ಸಹಿ ಹಾಕಿಸಿ. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು. ಇದು ಶೂನ್ಯ ಎಫ್‌ಐಆರ್, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173. ಎಲೆಕ್ಟ್ರಾನಿಕ್ ಮಾರ್ಗದಲ್ಲೂ ದೂರು ಕಳಿಸಿ ಮೂರು ದಿನದೊಳಗೆ ಹೋಗಿ ಸಹಿ ಮಾಡಬಹುದು. ಕಲಂ 85ರಂಥ ಅಪರಾಧದಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಪೊಲೀಸರಿಗೆ ಅವಕಾಶವಿದೆ. ಆದ್ದರಿಂದ "ವಿಚಾರಣೆಯಲ್ಲಿದೆ" ಎಂದರೆ ಯಾವ ದಿನಾಂಕದಿಂದ ಎಂದು ಕೇಳಿ. ದೂರು ಮುಚ್ಚಿ ಹಿಂಬರಹ ಕೊಟ್ಟರೆ ಅದನ್ನು ಜೋಪಾನವಾಗಿಡಿ. ಅದರ ಮೇಲೆ ಎಸ್‌ಪಿಗೆ ಅಂಚೆಯಲ್ಲಿ ದೂರು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ.

ದೂರು ಕೊಟ್ಟ ತಕ್ಷಣ ಬಂಧನವಾಗುತ್ತದೆ ಎಂದುಕೊಳ್ಳಬೇಡಿ. ಸುಪ್ರೀಂ ಕೋರ್ಟಿನ 2014ರ ತೀರ್ಪಿನ ನಂತರ ಇಂಥ ಪ್ರಕರಣಗಳಲ್ಲಿ ಹೆಚ್ಚಾಗಿ ನೋಟಿಸ್ ಕೊಟ್ಟು ಕರೆಸುತ್ತಾರೆ. ಅವನು ಅದೇ ಸಂಜೆ ಮನೆಗೆ ವಾಪಸಾಗುತ್ತಾನೆ. ಆ ಸಂಜೆ ನೀವು, ಮಕ್ಕಳು ಎಲ್ಲಿರುತ್ತೀರಿ ಎಂದು ಯೋಚಿಸಿಯೇ ಠಾಣೆಯ ಮೆಟ್ಟಿಲು ಹತ್ತಿ. ಕಲಂ 85ರ ದೂರಿಗೆ ಮೂರು ವರ್ಷದ ಕಾಲಮಿತಿ ಇದೆ, ಇದು ಡಿವಿ ಅರ್ಜಿಯಂತಲ್ಲ.

ರಾಜಿ ಪಂಚಾಯ್ತಿ

ಠಾಣೆಯಲ್ಲಿ, ಊರ ಹಿರಿಯರ ಮುಂದೆ, ಆಪ್ತಸಮಾಲೋಚನೆಯಲ್ಲಿ ರಾಜಿಯ ಮಾತು ಬಂದೇ ಬರುತ್ತದೆ. ಕೆಲವು ಸಂಸಾರಗಳು ಅದರಿಂದ ಸರಿಹೋಗಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಯಿಮಾತಿನ ರಾಜಿಗೆ ಹೂಂ ಎನ್ನಬೇಡಿ. "ಇನ್ನು ಮುಂದೆ ಹೊಡೆಯುವುದಿಲ್ಲ" ಎಂಬ ಮುಚ್ಚಳಿಕೆಯಲ್ಲಿ ಈ ಹಿಂದೆ ಹೊಡೆದದ್ದನ್ನು ಅವನು ಒಪ್ಪಿರುವಂತೆ ಬರೆಯಿಸಿ, ಅದರ ಪ್ರತಿ ನಿಮ್ಮಲ್ಲಿರಲಿ. ಡಿವಿ ಅರ್ಜಿ ಬಾಕಿಯಿದ್ದರೆ ವಾಪಸು ಪಡೆದು ಮನೆಗೆ ಹೋಗುವ ಬದಲು, ರಾಜಿಯ ಷರತ್ತುಗಳನ್ನೇ ನ್ಯಾಯಾಲಯದ ಆದೇಶವಾಗಿಸಿಕೊಂಡು ಹೋಗಿ. ಮುರಿದರೆ ಮತ್ತೆ ಮೊದಲಿಂದ ಶುರುಮಾಡಬೇಕಾಗಿಲ್ಲ. ಕಲಂ 85ರ ಎಫ್‌ಐಆರ್ ಮಾತ್ರ ಇಬ್ಬರು ಒಪ್ಪಿದ ಮಾತ್ರಕ್ಕೆ ಠಾಣೆಯಲ್ಲಿ ಮುಗಿಯುವುದಿಲ್ಲ, ಹೈಕೋರ್ಟೇ ರದ್ದುಮಾಡಬೇಕು. ವಿಚ್ಛೇದನ ಬೇಕೆನಿಸಿದರೆ ಅದು ಕೌಟುಂಬಿಕ ನ್ಯಾಯಾಲಯದ ಬೇರೆಯೇ ಪ್ರಕರಣ; ಬೇಡವೆಂದರೆ ಯಾರೂ ನಿಮ್ಮನ್ನು ಒತ್ತಾಯಿಸುವಂತಿಲ್ಲ.

ಗಂಡಸರಿಗೆ, ಹೊರದೇಶದಲ್ಲಿರುವವರಿಗೆ

2005ರ ಕಾಯ್ದೆಯಲ್ಲಿ ಗಂಡಸರು ಅರ್ಜಿದಾರರಾಗಲಾರರು. ಹೆಂಡತಿಯಿಂದಲೋ ಸಂಗಾತಿಯಿಂದಲೋ ಹಿಂಸೆ ಅನುಭವಿಸುವ ಗಂಡಸಿಗೆ ಗಾಯ, ಬೆದರಿಕೆಯಂಥ ಸಾಮಾನ್ಯ ಅಪರಾಧಗಳ ದೂರು ಮತ್ತು ಕ್ರೌರ್ಯದ ಆಧಾರದ ವಿಚ್ಛೇದನ, ಈ ದಾರಿಗಳಿವೆ. ಎಂಎಲ್‌ಸಿ, ದಾಖಲೆಯ ವಿಷಯದಲ್ಲಿ ಮೇಲೆ ಹೇಳಿದ್ದೆಲ್ಲ ಅವರಿಗೂ ಅನ್ವಯಿಸುತ್ತದೆ.

ಗಂಡನ ಜೊತೆ ಅಮೆರಿಕಕ್ಕೋ ದುಬೈಗೋ ಹೋದವರು ಮೊದಲು ಅಲ್ಲಿಯ ತುರ್ತು ಸಂಖ್ಯೆ ನೆನಪಿಡಿ: ಅಮೆರಿಕದಲ್ಲಿ 911, ಬ್ರಿಟನ್ ಮತ್ತು ಯುಎಇಯಲ್ಲಿ 999. "ನಿನ್ನ ವೀಸಾ ನನ್ನ ಕೈಯಲ್ಲಿದೆ" ಎಂಬ ಬೆದರಿಕೆಗೆ ಬಾಗಬೇಡಿ. ಅಮೆರಿಕದಲ್ಲಿ ನ್ಯಾಯಾಲಯದ ರಕ್ಷಣಾ ಆದೇಶ ಕೇಳಲು ವೀಸಾ ಯಾವುದೆಂಬುದು ಅಡ್ಡಿಯಲ್ಲ. ಗಂಡ ಅಲ್ಲಿಯ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವನಾದರೆ ಹಿಂಸೆಗೊಳಗಾದ ಹೆಂಡತಿ ತಾನೇ ಸ್ವತಂತ್ರವಾಗಿ ವಾಸದ ಅರ್ಜಿ ಹಾಕಬಹುದು. ಕೆಲಸದ ವೀಸಾದಲ್ಲಿರುವವನ ಹೆಂಡತಿಗೆ ಕೊಡುವ ಎಚ್-4 ವೀಸಾದಲ್ಲಿರುವವರಿಗೆ ಆ ದಾರಿ ಇಲ್ಲ, ಆದರೆ ಅಪರಾಧದ ತನಿಖೆಗೆ ಸಹಕರಿಸುವ ಸಂತ್ರಸ್ತರಿಗೆ ಯು ವೀಸಾ ಇದೆ. ಪಾಸ್‌ಪೋರ್ಟಿನ ಎಲ್ಲ ಪುಟಗಳ ಫೋಟೊವನ್ನು ಊರಿನ ಒಬ್ಬರಿಗೆ ಕಳಿಸಿಡಿ. ಬಿಟ್ಟುಬಂದು ತವರು ಸೇರಿದ್ದರೆ ಕಲಂ 27ರಂತೆ ತವರೂರಿನಲ್ಲೇ ಡಿವಿ ಅರ್ಜಿ ಹಾಕಬಹುದು, ರಾಷ್ಟ್ರೀಯ ಮಹಿಳಾ ಆಯೋಗದ ಅನಿವಾಸಿ ಭಾರತೀಯ ಘಟಕಕ್ಕೂ ಬರೆಯಬಹುದು. ರಾಜ್ಯ ಮಹಿಳಾ ಆಯೋಗದ ಕಚೇರಿ ಬೆಂಗಳೂರಿನ ಕೆ.ಜಿ. ರಸ್ತೆಯ ಕಾವೇರಿ ಭವನದಲ್ಲಿದೆ.

ಆದೇಶ ಕೈಗೆ ಬಂದ ಮೇಲೆ

ಆದೇಶದ ಪ್ರತಿಯನ್ನು ನ್ಯಾಯಾಲಯ ಉಚಿತವಾಗಿ ಕೊಡಬೇಕು, ಠಾಣೆಗೂ ಕಳಿಸಬೇಕು. ಅದನ್ನು ನಂಬಿ ಕೂರದೆ ನೀವೇ ಒಂದು ಪ್ರತಿಯನ್ನು ಠಾಣೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಗುವಿನ ಶಾಲೆಯ ಮುಖ್ಯೋಪಾಧ್ಯಾಯರಿಗೆ, ಕೆಲಸದ ಜಾಗದ ಕಾವಲುಗಾರರಿಗೆ, ಅಪಾರ್ಟ್‌ಮೆಂಟ್ ಆಗಿದ್ದರೆ ಸಂಘದವರಿಗೆ ಒಂದೊಂದು ಕೊಡಿ. ಫೋನಿನಲ್ಲಿ ಫೋಟೊ ಇರಲಿ.

ಅವನು ರಕ್ಷಣಾ ಆದೇಶ ಮುರಿದರೆ ಆಗ ಅದು ಅಪರಾಧ. ಕಲಂ 31ರಡಿ ಒಂದು ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಲ್ಲ. ನೊಂದವಳ ಒಬ್ಬಳದೇ ಸಾಕ್ಷ್ಯದ ಮೇಲೆ ಅಪರಾಧವಾಗಿದೆ ಎಂದು ನ್ಯಾಯಾಲಯ ತೀರ್ಮಾನಿಸಬಹುದು ಎಂದು ಕಲಂ 32 ಹೇಳುತ್ತದೆ. ನಾಲ್ಕು ಗೋಡೆಯೊಳಗೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು? ಗೇಟಿನ ಹತ್ತಿರ ಬಂದು ನಿಂತ, ಬೇರೆ ನಂಬರಿನಿಂದ ಮೆಸೇಜ್ ಮಾಡಿದ, ಇಂಥ ಸಣ್ಣ ಉಲ್ಲಂಘನೆಯನ್ನೂ ಅದೇ ದಿನ ಬರೆದು ಠಾಣೆಗೆ, ಸಂರಕ್ಷಣಾಧಿಕಾರಿಗೆ ಕೊಡಿ. ಮ್ಯಾಜಿಸ್ಟ್ರೇಟರ ಆದೇಶವಿದ್ದೂ ಸಕಾರಣವಿಲ್ಲದೆ ಕರ್ತವ್ಯ ಮಾಡದ ಸಂರಕ್ಷಣಾಧಿಕಾರಿಗೂ ಕಲಂ 33ರಲ್ಲಿ ಶಿಕ್ಷೆಯಿದೆ.

ಜೀವನಾಂಶ ಕಟ್ಟದಿದ್ದರೆ ವಸೂಲಿ ಅರ್ಜಿ. ವಾರಂಟ್ ಹೊರಡುತ್ತದೆ, ಆಗಲೂ ಕಟ್ಟದಿದ್ದರೆ ಬಾಕಿ ತಿಂಗಳೊಂದಕ್ಕೆ ಒಂದು ತಿಂಗಳವರೆಗೆ ಜೈಲು. ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆರು ತಿಂಗಳಿಗೊಮ್ಮೆ ಹಾಕುವ ರೂಢಿ ಮಾಡಿಕೊಂಡರೆ ಯಾವ ತಿಂಗಳೂ ಕೈತಪ್ಪುವುದಿಲ್ಲ. ಆದೇಶವೇ ನಿಮ್ಮ ವಿರುದ್ಧ ಬಂದರೆ, ಅಥವಾ ಮೊತ್ತ ತೀರ ಕಡಿಮೆಯಾಗಿದ್ದರೆ, 30 ದಿನದೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ. ಮೇಲ್ಮನವಿಗೂ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತವಾಗಿಯೇ ಸಿಗುತ್ತಾರೆ.